ಅಳಿಸಿಹೋಗುತ್ತಿದ್ದ ಒತ್ತಕ್ಷರಗಳು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಮನೆ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನಲ್ಲಿ. ನನ್ನ ಗಂಡ ನಾಗಮಂಗಲದ ಕಡೆ ದೇವಲಾಪುರದಲ್ಲಿ ಹೈಸ್ಕೂಲು ಮೇಷ್ಟ್ರು, ವಾರಕ್ಕೊಮ್ಮೆ ಬರುತ್ತಿದ್ದರು. ಮಿಕ್ಕ ದಿನ ಮನೆಯಲ್ಲಿ ನಾನು, ನನ್ನ ಅತ್ತೆ, ಮೂರು ಹಸು.

ಒಂದು ಜೂನ್ ತಿಂಗಳಲ್ಲಿ ಕಾಲೇಜಿನ ಕನ್ನಡ ಟೈಪ್‌ರೈಟರು ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಚೆನ್ನಾಗಿತ್ತು. ಕೆಟ್ಟದ್ದು ತಕಾರದ ಒತ್ತು ಮಾತ್ರ. ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಮೇಲೆ ‘ಎಲ್ಲ ಪ್ರಶ್ನೆಗಳಿಗೂ ಉತರಿಸಿ’ ಎಂದು ಅಚ್ಚಾಗಿ ಬಂತು. ಹುಡುಗರು ವಾರವಿಡೀ ಒಬ್ಬರನ್ನೊಬ್ಬರು ‘ಉತರಿಸ್ಲಾ, ಉತರಿಸ್ಲಾ’ ಎಂದು ಕಿಚಾಯಿಸಿದರು. ರಿಪೇರಿ ಮಾಡುವವರು ಶ್ರೀರಂಗಪಟ್ಟಣದಲ್ಲಿ ಒಬ್ಬರಿದ್ದಾರೆ ಎಂದು ಗುಮಾಸ್ತರು ಹೇಳಿದರು. ಆ ಕಡೆ ಹೋಗುವವಳು ನಾನೊಬ್ಬಳೇ. ಹಾಗಾಗಿ ಆ ಕಬ್ಬಿಣದ ಗುಡ್ಡವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಪಾಂಡವಪುರದ ಮೇಲೆ ಬಸ್ಸಿನಲ್ಲಿ ಬಂದೆ. ಇಳಿಯುವ ಹೊತ್ತಿಗೆ ಎರಡು ಕಾಲೂ ಜೋಮು ಹಿಡಿದಿದ್ದವು.

ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಆ ಅಂಗಡಿ. ಒಳಗೆ ಒಬ್ಬರು ಕೂರಬಹುದು, ಹೊರಗೆ ಒಬ್ಬರು ನಿಲ್ಲಬಹುದು. ಒಳಗೆ ಕೂತಿದ್ದವರು ಅರುವತ್ತರ ಆಸುಪಾಸಿನ ಸಾಹೇಬರು. ಬಿಳಿ ಗಡ್ಡ, ಬೆರಳ ತುದಿಯಲ್ಲಿ ಯಾವತ್ತೂ ಹೋಗದ ರಿಬ್ಬನ್ನಿನ ಕಪ್ಪು. ಯಂತ್ರವನ್ನು ಬಿಚ್ಚದೆ, ತಲೆ ಓರೆ ಮಾಡಿಕೊಂಡು ಆ ಒಂದು ಕೀಯನ್ನು ನಾಲ್ಕು ಸಲ ಹೊಡೆದು ಕೇಳಿದರು.

“ಅಕ್ಷರದ ಕಡ್ಡಿ ಸೊಟ್ಟ ಆಗೈತೆ ಮೇಡಂ. ಯಾರೋ ಸಿಟ್ಟಲ್ಲಿ ಒಡ್ದವ್ರೆ. ನಿಮ್ಮಲ್ಲಿ ಟೈಪ್ ಮಾಡೋರ್ಗೆ ಮನೇಲೇನಾರ ತಾಪತ್ರಯವಾ?”

ನಾನು ನಕ್ಕುಬಿಟ್ಟೆ. ನಮ್ಮ ಗುಮಾಸ್ತರು ಆ ತಿಂಗಳು ಹೆಂಡತಿಯ ಜೊತೆ ಮಾತು ಬಿಟ್ಟಿದ್ದರು, ಅದು ಕಾಲೇಜಿಗೆಲ್ಲ ಗೊತ್ತಿತ್ತು.

ಕಡ್ಡಿ ನೇರ ಮಾಡುತ್ತಲೇ ಅವರು ನನಗೆ ಕನ್ನಡ ಟೈಪ್‌ರೈಟರಿನ ಗುಟ್ಟು ಹೇಳಿಕೊಟ್ಟರು. ಇಂಗ್ಲಿಷ್ ಯಂತ್ರದಲ್ಲಿ ಪ್ರತಿ ಅಕ್ಷರಕ್ಕೂ ಕಾಗದ ಒಂದು ಹೆಜ್ಜೆ ಸರಿಯುತ್ತದೆ. ಕನ್ನಡದಲ್ಲಿ ಒತ್ತಿನ ಕೀಯನ್ನು ಮೊದಲು ಹೊಡೆಯಬೇಕು. ಆಗ ಕಾಗದ ಅಲ್ಲಾಡುವುದಿಲ್ಲ. ಆಮೇಲೆ ಮೇಲಿನ ಅಕ್ಷರ ಹೊಡೆದರೆ ಅದು ಒತ್ತಿನ ನೆತ್ತಿಯ ಮೇಲೆ ಬಂದು ಕೂರುತ್ತದೆ, ಕಾಗದ ಸರಿಯುತ್ತದೆ. ಸರಿಯದ ಈ ಕೀಗಳಿಗೆ ಅವರ ಕಸುಬಿನಲ್ಲಿ ‘ಡೆಡ್ ಕೀ’ ಎಂದು ಹೆಸರು.

“ಎಸ್ರಿಗೆ ಡೆಡ್ಡು ಮೇಡಂ,” ಎಂದರು ಸಾಹೇಬರು. “ಕನ್ನಡ ಬದುಕಿರೋದೇ ಇವುರಿಂದ.”

ನನಗೆ ಅವತ್ತು ಇದರಲ್ಲಿ ಅಷ್ಟು ಆಸಕ್ತಿ ಹುಟ್ಟಲು ಒಂದು ಕಾರಣವಿತ್ತು. ಮನೆಯಲ್ಲಿ, ಹಸುವಿನ ಹಿಂಡಿ ಮೂಟೆಗಳಿದ್ದ ಕೋಣೆಯಲ್ಲಿ, ನನ್ನದೊಂದು ಕಂಪ್ಯೂಟರ್ ಇತ್ತು. ಮೈಸೂರಿನಲ್ಲಿ ಕೊಂಡ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಅದಕ್ಕೊಂದು ಹೊಸ ಕಾರ್ಯವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಹಾಕಿದ್ದೆ. ಯಾವ ಕಂಪನಿಯೂ ಮಾಡಿದ್ದಲ್ಲ ಅದು. ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ಜನ ತಮ್ಮ ಬಿಡುವಿನಲ್ಲಿ ಬರೆದು, ಒಳಗಿನ ಕೋಡನ್ನೆಲ್ಲ ಬಿಚ್ಚಿಟ್ಟು ಹಂಚುತ್ತಿದ್ದರು. ಬೇಕಾದವರು ತೆಗೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕಳಿಸಬಹುದು. ಗಣಿತ ಓದಿದ ನನಗೆ ಇದು ಬಹಳ ಹಿಡಿಸಿತ್ತು. ಪ್ರಮೇಯದ ಹೇಳಿಕೆ ಮಾತ್ರ ಕೊಡದೆ ಸಾಧನೆಯನ್ನೂ ಪೂರ್ತಿ ಬರೆದು ತೋರಿಸಿದ ಹಾಗೆ.

ಆದರೆ ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಅಂಗಡಿಗಳಲ್ಲಿ ಸಿಗುತ್ತಿದ್ದ ಕನ್ನಡ ತಂತ್ರಾಂಶಗಳು ಅದರಲ್ಲಿ ಓಡುತ್ತಿರಲಿಲ್ಲ.

ಸಾಹೇಬರ ಅಂಗಡಿಯ ಮುಂದೆ ನಿಂತಾಗ ನನಗೆ ಹೊಳೆದದ್ದು ಇಷ್ಟು: ಟೈಪ್‌ರೈಟರಿನಲ್ಲಿ ತೊಂಬತ್ತು ಚಿಲ್ಲರೆ ಅಕ್ಷರದ ತುಂಡುಗಳಿಂದ ಇಡೀ ಕನ್ನಡ ಬರೆಯಲು ಆಗುವುದಾದರೆ, ಅದೇ ತುಂಡುಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅಲ್ಲೂ ಆಗಬೇಕು. ಟೈಪಿಂಗ್ ಕಲಿತವರಿಗೆ ಕೀಗಳನ್ನು ಹೊಸದಾಗಿ ಕಲಿಯುವ ಕಷ್ಟವೂ ಇರುವುದಿಲ್ಲ.

ಹೇಳಿದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಂಪ್ಯೂಟರ್ ಬಂದಲ್ಲೆಲ್ಲ ಟೈಪ್‌ರೈಟರು ಮೂಲೆ ಸೇರುತ್ತಿದ್ದ ಕಾಲ ಅದು. ಅವರ ಅಂಗಡಿಯ ಮೇಲೆ ಕಲ್ಲು ಹಾಕುವ ಕೆಲಸಕ್ಕೆ ಅವರನ್ನೇ ಸಹಾಯ ಕೇಳಿದಂತೆ ಆಗಿತ್ತು.

ಸಾಹೇಬರು ಸ್ಕ್ರೂಡ್ರೈವರ್ ಕೆಳಗಿಟ್ಟರು. “ಅದ್ರಲ್ಲಿ ಕನ್ನಡ ಬತ್ತದಾ?”

“ಈಗ ಬರಲ್ಲ ಸಾಹೇಬ್ರೇ. ಬರೋ ಹಾಗೆ ಮಾಡ್ಬೇಕು ಅಂತ.”

“ಸರಿ ಮತ್ತೆ, ಮಾಡೋಣ ಬುಡಿ. ಅಕ್ಷರ ಕೊಡೋದು ನನ್ ಜವಾಬ್ದಾರಿ.”

ಮುಂದಿನ ಭಾನುವಾರ ಬೆಳಿಗ್ಗೆ ಅವರೇ ಸೈಕಲ್ ತುಳಿದುಕೊಂಡು ಕಿರಂಗೂರಿಗೆ ಬಂದರು. ಹಿಂದಿನ ಕ್ಯಾರಿಯರಿಗೆ ಹಳೇ ಟೈರ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದು ಅವರ ಸ್ವಂತದ ಯಂತ್ರ. ಜಗಲಿಯ ಮೇಲೆ ಕೂತು ರಿಬ್ಬನ್ ತೆಗೆದು, ಒಂದೊಂದೇ ಕಡ್ಡಿ ಎತ್ತಿ, ತುದಿಯ ಅಕ್ಷರಕ್ಕೆ ಮಸಿ ಸವರಿ, ನಾನು ಹಿಡಿದ ಗ್ರಾಫ್ ಹಾಳೆಗೆ ಮೆಲ್ಲಗೆ ಒತ್ತಿದರು. ಆಮೇಲೆ ಆ ಅಚ್ಚನ್ನು ನೋಡಿಕೊಂಡು ಪಕ್ಕದ ಹಾಳೆಯಲ್ಲಿ ದೊಡ್ಡದು ಮಾಡಿ, ಚೌಕ ಚೌಕ ತುಂಬಿ ಅಕ್ಷರ ಕಟ್ಟುವುದು ನನ್ನ ಕೆಲಸ. ಪರದೆಯ ಮೇಲೆ ಅಕ್ಷರ ಎಂದರೆ ಕೊನೆಗೆ ಅಷ್ಟೇ: ಇಂತಿಂಥ ಚೌಕ ಕಪ್ಪು, ಇಂತಿಂಥದ್ದು ಬಿಳಿ. ಅಂಥ ಆರು ಭಾನುವಾರಗಳು ಹೋದವು.

ನನ್ನ ಅತ್ತೆಗೆ ಓದು ಬರಹ ಬಾರದು. ಆದರೆ ಸುತ್ತಿನ ನಾಲ್ಕು ಹಳ್ಳಿಯವರು ಹಸು ಕೊಳ್ಳುವ ಮುಂಚೆ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಹಸು ನಾಲ್ಕು ಹೆಜ್ಜೆ ನಡೆದರೆ ಸಾಕು, ಯಾವ ಕಾಲಿನಲ್ಲಿ ದೋಷ ಎಂದು ಹೇಳುತ್ತಿದ್ದರು. ಒಂದು ಭಾನುವಾರ ಹಾಲು ಕರೆದು ಬಂದವರು ನನ್ನ ಹಾಳೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇದ್ಯಾಕವ್ವ, ಇದೊಂದು ಎಡಗಾಲು ಎಳೀತಾ ಐತೆ?”

ಅವರು ತೋರಿಸಿದ್ದು ‘ಣ’. ನಾನು ಮೂರು ಸಲ ನೋಡಿದರೂ ನನಗೆ ಕಾಣಲಿಲ್ಲ. ಸಾಹೇಬರು ಹಾಳೆಯನ್ನು ತೆಗೆದು ದೂರ ಹಿಡಿದು ನೋಡಿ, “ಅಮ್ಮಾವ್ರು ಹೇಳಿದ್ದು ನಿಜ ಮೇಡಂ. ಎಡಗಡೆ ಒಂದು ಚೌಕ ಕಮ್ಮಿ ಆಗೈತೆ,” ಎಂದರು. ಅಲ್ಲಿಂದ ಮುಂದೆ ಪ್ರತಿ ಅಕ್ಷರವೂ ಅತ್ತೆಯ ಮುಂದೆ ಹಾದು ಹೋಗಬೇಕಾಯಿತು. “ಇದು ಸರಿಯಾಗೈತೆ. ಇದ್ಕೆ ಒಟ್ಟೆ ದಪ್ಪ ಆಯ್ತು. ಇದು ಗಬ್ಬದ ಹಸ ಇದ್ದಂಗದೆ, ಇರ್ಲಿ ಬುಡು, ನೋಡಕ್ ಚಂದಾಗೈತೆ.” ಗಬ್ಬದ ಹಸುವಿನಂತಿದ್ದ ಆ ಅಕ್ಷರ ‘ಙ’. ಯಾರೂ ಬಳಸದ ಆ ಅಕ್ಷರವನ್ನು ಅತ್ತೆಗೋಸ್ಕರವೇ ನಾನು ಹಾಗೆಯೇ ಉಳಿಸಿದೆ.

ಅಕ್ಷರಗಳೆಲ್ಲ ಒಳಗೆ ಹೋದ ಮೇಲೆ, ಕೀಗಳನ್ನು ಹೊಂದಿಸಿ, ಸಾಹೇಬರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಅವರು ಪರದೆಯನ್ನು ನೋಡಲೇ ಇಲ್ಲ. ಕಿಟಕಿಯಾಚೆಯ ಹುಲ್ಲಿನ ಬಣವೆ ನೋಡುತ್ತಾ ಸರಸರ ಹತ್ತು ಬೆರಳನ್ನೂ ಆಡಿಸಿದರು. ಆಮೇಲೆ ತಿರುಗಿ ನೋಡಿದರು. ಮುಖ ಸಪ್ಪಗಾಯಿತು.

‘ಅಕ’, ‘ಅಮ’, ‘ಅತೆ’, ‘ಹಳಿ’, ‘ಕನಡ’.

ಒಂದು ಒತ್ತೂ ಇರಲಿಲ್ಲ.

“ಏನ್ ಮೇಡಂ, ನಿಮ್ ಕಾಲೇಜ್ ಮಿಷಿನ್ನೇ ವಾಸಿ. ಅದ್ರಲ್ಲಿ ಒಂದೇ ಒತ್ತು ಓಗಿತ್ತು.”

ಕಾರಣ ಕಂಡುಹಿಡಿಯಲು ನನಗೆ ಹತ್ತು ದಿನ ಬೇಕಾಯಿತು. ನಾವು ಬಳಸುತ್ತಿದ್ದ ಬರವಣಿಗೆಯ ತಂತ್ರಾಂಶ ಪ್ರತಿ ಅಕ್ಷರವನ್ನು ಬರೆಯುವ ಮುಂಚೆ ಅದರ ಜಾಗಕ್ಕೆ ಬಿಳಿ ಬಳಿಯುತ್ತಿತ್ತು. ಇಂಗ್ಲಿಷಿಗೆ ಅದರಿಂದ ತೊಂದರೆಯಿಲ್ಲ. ನಮ್ಮಲ್ಲಿ ಒತ್ತು ಮೊದಲೇ ಬಂದು ಕೂತಿರುತ್ತದೆ. ಅದರ ಮೇಲೆ ಬರುವ ಅಕ್ಷರ ತನ್ನ ಜಾಗಕ್ಕೆ ಬಿಳಿ ಬಳಿದುಕೊಳ್ಳುವಾಗ ಒತ್ತಿನ ಮೇಲೂ ಬಳಿದುಬಿಡುತ್ತದೆ.

ಕಾರಣ ಸಿಕ್ಕ ಖುಷಿಯಲ್ಲಿ ನಾನು ಬಿಳಿ ಬಳಿಯುವ ಭಾಗವನ್ನೇ ಕಿತ್ತುಹಾಕಿದೆ. ಒತ್ತುಗಳೆಲ್ಲ ಬಂದವು. ‘ಅಮ್ಮ’ ಬಂದಳು, ‘ಅತ್ತೆ’ ಬಂದರು. ಶನಿವಾರ ಮೈಸೂರಿಗೆ ಹೋದೆ. ಅಲ್ಲಿ ನನ್ನ ಜೊತೆ ಓದಿದ ಗೆಳತಿಯ ಕಚೇರಿಯಲ್ಲಿ ಇಂಟರ್ನೆಟ್ ಇತ್ತು. ಫ್ಲಾಪಿಯಿಂದ ತಿದ್ದುಪಡಿಯನ್ನು ತೆಗೆದು, ಆ ತಂತ್ರಾಂಶದ ಹೊಣೆ ಹೊತ್ತಿದ್ದವರಿಗೆ ಇ-ಮೇಲ್ ಕಳಿಸಿದೆ. ಅವರೂ ನನ್ನಂತೆಯೇ ಬಿಡುವಿನಲ್ಲಿ ಕೆಲಸ ಮಾಡುವವರು, ಯೂರೋಪಿನ ಒಂದು ಚಳಿ ದೇಶದವರು ಎಂಬುದಷ್ಟೇ ಗೊತ್ತಿತ್ತು. ಗಂಡಸೋ ಹೆಂಗಸೋ ಎಂಬುದೂ ಹೆಸರಿನಿಂದ ತಿಳಿಯುವಂತಿರಲಿಲ್ಲ.

ಮುಂದಿನ ಶನಿವಾರ ಉತ್ತರ ಬಂದಿತ್ತು. ನಾಲ್ಕೇ ಸಾಲು. ‘ನಿಮ್ಮ ಬದಲಾವಣೆ ಹಾಕಿಕೊಂಡರೆ, ಅಳಿಸಿದ ಅಕ್ಷರಗಳು ಪರದೆಯ ಮೇಲೆ ಹಾಗೆಯೇ ಉಳಿಯುತ್ತವೆ. ಬರೆಯುವುದನ್ನು ಪರೀಕ್ಷಿಸಿದ್ದೀರಿ, ಅಳಿಸುವುದನ್ನು ಪರೀಕ್ಷಿಸಿಲ್ಲ. ಎಲ್ಲ ಭಾಷೆಯವರಿಗೂ ತೊಂದರೆಯಾಗುತ್ತದೆ. ಇದನ್ನು ಸ್ವೀಕರಿಸಲಾರೆ.’

ಮಾತು ನಿಜ. ನಾನು ಒಂದು ಸಲವೂ ಅಳಿಸಿ ನೋಡಿರಲಿಲ್ಲ. ಮನೆಗೆ ಬಂದು ಅಳಿಸಿ ನೋಡಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದು, ಸಂತೆಯಲ್ಲಿ ಕಾಗೆ ಕೂತಂತಾಯಿತು. ತರಗತಿಯಲ್ಲಿ ಉತ್ತರವನ್ನು ತಾಳೆ ನೋಡದೆ ಪೇಪರ್ ಕೊಡುವ ಹುಡುಗರಿಗೆ ನಾನು ಏನೇನು ಬೈಯುತ್ತಿದ್ದೆನೋ ಅದೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಜೊತೆಗೆ ಸಿಟ್ಟೂ ಬಂತು. ಎರಡು ತಿಂಗಳ ಭಾನುವಾರಗಳಿಗೆ ನಾಲ್ಕು ಸಾಲೇ? ಕಂಪ್ಯೂಟರಿನ ಮೇಲೆ ಹಳೇ ಸೀರೆ ಹೊದಿಸಿದೆ.

ಸಾಹೇಬರಿಗೆ ಹೇಳಿದಾಗ ಅವರು ಎಲ್ಲ ಕೇಳಿಸಿಕೊಂಡು ಹೇಳಿದರು, “ಸಂಬಳ ಇಲ್ಲ, ಮಾಡಿ ಅಂತ ಕರ್ದೋರಿಲ್ಲ, ಬಯ್ಯಕ್ಕೆ ಮಾತ್ರ ಒಬ್ರವ್ರೆ. ಇದ್ಯಾವ ಕೆಲ್ಸ ಮೇಡಂ?”

“ಅವರಿಗೂ ಸಂಬಳ ಇಲ್ಲ ಸಾಹೇಬ್ರೇ.”

“ಔದಾ?” ಎಂದರು. “ಸಂಬಳ ಇಲ್ದೆ ಕೂತು ಇನ್ನೊಬ್ರು ತಪ್ಪು ನೋಡ್ತಾವ್ರೆ ಅಂದ್ರೆ, ಕೆಲ್ಸದ ಮೇಲೆ ಪ್ರೀತಿ ಐತೆ ಕಣಮ್ಮ. ನಂಗೆ ಕೆಲ್ಸ ಕಲ್ಸಿದ ಉಸ್ತಾದ್ ಇಂಗೇ. ಅವ್ರ ಬಾಯಲ್ಲಿ ಒಳ್ಳೇ ಮಾತು ಕೇಳಕ್ಕೆ ನಂಗೆ ಏಳ್ ವರ್ಷ ಬೇಕಾಯ್ತು.”

ಅವತ್ತು ಮೊದಲ ಸಲ ಅವರು ನನ್ನನ್ನು ಮೇಡಂ ಎನ್ನದೆ ಅಮ್ಮ ಎಂದರು. ನನ್ನ ಸಿಟ್ಟು ಅರ್ಧ ಇಳಿಯಿತು. ಆದರೂ ಸೀರೆ ತೆಗೆಯಲಿಲ್ಲ. ದಸರೆ ರಜೆ ಬಂತು, ಹೋಯಿತು.

ರಜೆ ಮುಗಿದ ವಾರ, ಮಧ್ಯಾಹ್ನವೇ ಕಾಲೇಜು ಬಿಟ್ಟ ಒಂದು ದಿನ, ಅಂಗಡಿಯ ಮುಂದೆ ನಿಂತಿದ್ದೆ. ಸಾಹೇಬರು ರೈತನೊಬ್ಬನಿಗೆ ತಾಲ್ಲೂಕು ಕಚೇರಿಯ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ‘ಹಳ್ಳದ’ ಎಂದು ಆಗಬೇಕಾದಲ್ಲಿ ‘ಹಳ್ಲದ’ ಆಗಿತ್ತು. ಅವರು ವೈಟ್ನರ್ ಬಾಟಲಿಯ ಮುಚ್ಚಳ ತಿರುಗಿಸಿ, ಸಣ್ಣ ಬ್ರಷ್ಷಿನಿಂದ ಆ ಒಂದು ಅಕ್ಷರವನ್ನಲ್ಲ, ಆ ಇಡೀ ಸಾಲನ್ನೇ ಎಡದಿಂದ ಬಲಕ್ಕೆ ಬಳಿದರು. ಊದಿ ಊದಿ ಒಣಗಿಸಿದರು.

“ಒಂದು ಒತ್ತಿಗೆ ಸಾಲೆಲ್ಲ ಯಾಕೆ ಅಳಿಸ್ತೀರಿ ಸಾಹೇಬ್ರೇ?” ಎಂದೆ, ಸುಮ್ಮನೆ ಮಾತಿಗೆ.

“ಒಂದಕ್ಕೆ ಮಾತ್ರ ಹಚ್ಚಕ್ಕೋದ್ರೆ ಪಕ್ಕದ್ದರ ಕಾಲು ಓಯ್ತದೆ ಮೇಡಂ. ಇದ್ರ ಒತ್ತು ಅದ್ರ ಕೆಳಗೆ ನುಗ್ಗಿರ್ತದೆ, ಅದ್ರ ದೀರ್ಘ ಇದ್ರ ಮೇಲೆ. ಮೊದ್ಲು ಸಾಲು ಪೂರಾ ಬೆಳ್ಳಗೆ ಮಾಡ್ಬುಡ್ಬೇಕು. ಆಮೇಲೆ ಒಡ್ಕೊಂಡು ಓಗ್ತಾ ಇರೋದು. ಮಧ್ಯ ಮಧ್ಯ ಬಳೀಬಾರ್ದು.”

ನಾನು ಬಾಯಿ ತೆರೆದುಕೊಂಡು ನಿಂತೆ. ಅಕ್ಷರಕ್ಕೊಂದು ಸಲ ಬಿಳಿ ಬಳಿಯುವುದು ತಪ್ಪು. ಬಿಳಿ ಬಳಿಯದೇ ಇರುವುದೂ ತಪ್ಪು. ಸಾಲಿಗೊಂದು ಸಲ ಬಳಿದು, ಆಮೇಲೆ ಅಷ್ಟೂ ಅಕ್ಷರಗಳನ್ನು ಬಿಳಿಯಿಲ್ಲದೆ ಬರೆಯುವುದು. ಇಷ್ಟೇ ಇದ್ದದ್ದು.

“ಏನಾಯ್ತಮ್ಮ? ಉಷಾರಾಗಿದ್ದೀರಾ?” ಎಂದು ಸಾಹೇಬರು ಎದ್ದೇಬಿಟ್ಟರು. ಅರ್ಜಿಯ ರೈತ ತನ್ನ ಸ್ಟೂಲನ್ನು ನನ್ನ ಕಡೆ ತಳ್ಳಿದ.

ನಾನು ಕೂರಲಿಲ್ಲ. ಸಿಕ್ಕಿದ ಆಟೋ ಹತ್ತಿ ಮನೆಗೆ ಹೋಗಿ, ಸೀರೆ ಕಿತ್ತೆಸೆದು, ಕರೆಂಟು ಹೋಗುವುದರೊಳಗೆ ಮುಗಿಸಬೇಕೆಂದು ಕೂತೆ. ಅತ್ತೆ ಕೊಟ್ಟ ಕಾಫಿ ಕೆನೆಗಟ್ಟಿತು. ಸಂಜೆ ಹಸುಗಳು ಕೊಟ್ಟಿಗೆಗೆ ಬರುವ ವೇಳೆಗೆ ‘ಅತ್ತೆ’ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮೊದಲ ಅಕ್ಷರ ಮಾತ್ರ ಅಳಿಸಿ ಪುನಃ ಹಾಕಿದೆ. ಎಲ್ಲ ಕಾಲುಗಳೂ ಇದ್ದಲ್ಲೇ ಇದ್ದವು.

ಅತ್ತೆಯನ್ನು ಕರೆದು ತೋರಿಸಿದೆ. “ಇದು ನೀವು ಅಂತ ಬರೆದಿರೋದು, ಅತ್ತೆಮ್ಮ.”

ಅವರು ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದರು. “ನಾನು ಇಷ್ಟೇನಾ?” ಎಂದರು. ಆದರೆ ಆಮೇಲೆ ಪಕ್ಕದ ಮನೆಯವರನ್ನೂ, ಡೈರಿಗೆ ಹಾಲು ಹಾಕಲು ಹೊರಟಿದ್ದ ಇಬ್ಬರನ್ನೂ ಕರೆದು ತಂದು ತೋರಿಸಿದರು.

ಈ ಸಲ ನಾನು ಆತುರಪಡಲಿಲ್ಲ. ಮೂರು ವಾರ ಬರೆದು ಅಳಿಸಿ, ಅಳಿಸಿ ಬರೆದು ನೋಡಿದೆ. ಪಾಂಡವಪುರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದ ಒಬ್ಬ ಹೆಂಗಸನ್ನು ಸಾಹೇಬರೇ ಕರೆತಂದು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿದರು. ಆಕೆ ಎರಡು ಗಂಟೆ ಬಿರುಮಳೆಯಂತೆ ಟೈಪ್ ಮಾಡಿ, “ಕೀ ಮೆತ್ತಗಾಯ್ತು, ಅಷ್ಟೇ. ಇನ್ನೆಲ್ಲ ನಮ್ದೇ,” ಎಂದಳು. ಒಂದು ಅಕ್ಷರ ಸೇರಿಸಿದರೆ ಇಡೀ ಪುಟ ಮಿನುಗುತ್ತಿತ್ತು. ಬದಲಾದ ಸಾಲು ಮಾತ್ರ ಬೆಳ್ಳಗಾಗುವಂತೆ ಅದನ್ನೂ ಸರಿ ಮಾಡಿದೆ.

ತಿದ್ದುಪಡಿಯ ಜೊತೆ, ಇದನ್ನು ಮಾಡಿದವರು ಯಾರು ಎಂದು ಒಂದು ಸಾಲು ಬರೆಯುವ ಪದ್ಧತಿ. ಉಪಾಯ ಸಾಹೇಬರದ್ದು, ಹಾಗಾಗಿ ಅವರ ಹೆಸರೂ ಇರಬೇಕು. ಇಂಗ್ಲಿಷಿನಲ್ಲಿ ಹೆಸರು ಹೇಗೆ ಬರೆಯುತ್ತೀರಿ ಎಂದು ಕೇಳಲು ಹೋದೆ.

“ನನ್ನೆಸ್ರು ಬ್ಯಾಡ,” ಎಂದರು.

“ಯಾಕೆ?”

“ಸಾಲು ಬೆಳ್ಳಗೆ ಮಾಡೋದು ನಂಗೆ ಕಲ್ಸಿದ್ದು ನಮ್ ಉಸ್ತಾದ್. ಅವ್ರೆಸ್ರು ಬುಟ್ಟು ನನ್ನೆಸ್ರು ಎಂಗಾಕೋದು? ಅವ್ರೆಸ್ರು ಹಾಕಿದ್ರೆ, ಅವ್ರ್ಗೆ ಯಾರೋ ಕಲ್ಸಿರ್ತಾರೆ. ಎಲ್ಲೀಗಂಟ ಓಗ್ತೀರಿ?” ಸ್ವಲ್ಪ ಯೋಚಿಸಿ ಸೇರಿಸಿದರು, “ಶ್ರೀರಂಗಪಟ್ಟಣದ ಟೈಪ್‌ರೈಟರ್ ಮೆಕ್ಯಾನಿಕ್‌ಗಳು ಅಂತ ಹಾಕಿ. ಎಲ್ರೂ ಬಂದಂಗಾಯ್ತು.”

ಹಾಗೆಯೇ ಬರೆದೆ. ಉತ್ತರ ಬರಲು ಮೂರು ಶನಿವಾರ ಹಿಡಿಯಿತು. ಈ ಸಲ ಇಡೀ ಪುಟವಿತ್ತು. ತಿದ್ದುಪಡಿ ಸೇರಿಸಿಕೊಂಡಿದ್ದೇನೆ ಎಂದಿದ್ದರು. ಎರಡು ಕಡೆ ನನ್ನ ಕೋಡನ್ನು ಚಿಕ್ಕದು ಮಾಡಿದ್ದರು, ನಾನು ಮಾಡಿದ್ದಕ್ಕಿಂತ ಚೆನ್ನಾಗಿಯೇ. ಹೋದ ಸಲ ಒರಟಾಗಿ ಬರೆದೆ, ಆ ವಾರ ಮಗುವಿಗೆ ಜ್ವರವಿತ್ತು, ಕ್ಷಮಿಸಿ ಎಂದಿದ್ದರು. ಕೊನೆಗೆ ಒಂದು ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಎಷ್ಟು ಮಂದಿ ಟೈಪ್‌ರೈಟರ್ ಮೆಕ್ಯಾನಿಕ್‌ಗಳಿದ್ದಾರೆ?

ಇದನ್ನು ಓದಿ ಹೇಳಿದಾಗ ಸಾಹೇಬರು ಗಡ್ಡ ನೀವಿಕೊಂಡರು. “ಒಬ್ನೇ ಅಂತ ಬರೀಬ್ಯಾಡಿ ಮೇಡಂ. ಮಗೀಗೆ ಎಂಗೈತೆ ಈಗ, ಅದ್ನ ಮೊದ್ಲು ಕೇಳಿ.”

ಕೇಳಿದೆ. ವಾಸಿಯಾಗಿತ್ತು. ಹೆಣ್ಣುಮಗು, ನಾಲ್ಕು ವರ್ಷ, ಮತ್ತು ಬರೆಯುತ್ತಿದ್ದವರು ಅದರ ತಾಯಿ. ಅಷ್ಟು ದಿನ ನಾನು ಮನಸ್ಸಿನಲ್ಲಿ ಒಬ್ಬ ಮೀಸೆಯ ಗಂಡಸನ್ನು ಕಲ್ಪಿಸಿಕೊಂಡು ಜಗಳವಾಡಿದ್ದೆ. ಅಲ್ಲಿಂದ ಮುಂದೆ ಎಷ್ಟೋ ವರ್ಷ ನಾವು ಪತ್ರ ಬರೆದುಕೊಂಡೆವು. ಆ ತಂತ್ರಾಂಶದ ಒಂದು ಮೂಲೆಯನ್ನು ನಾನೇ ನೋಡಿಕೊಳ್ಳುವಂತೆ ಅವರು ಒಪ್ಪಿಸಿದರು. ಬೇರೆಯವರ ತಪ್ಪು ನೋಡುವ ಸರದಿ ನನಗೂ ಬಂತು. ನಾಲ್ಕು ಸಾಲಿನಲ್ಲಿ ಬೇಡ ಎನ್ನುವ ಆಸೆ ಎಷ್ಟು ಸಲ ಬಂದಿತೋ! ಪ್ರತಿ ಸಲವೂ ಐದನೆಯ ಸಾಲೊಂದನ್ನು ಸೇರಿಸುತ್ತಿದ್ದೆ.

ಆ ಟೈಪ್‌ರೈಟರ್ ಅಕ್ಷರಗಳು ಬಹಳ ಕಾಲ ಬಾಳಲಿಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಬಂದು, ಕನ್ನಡವನ್ನು ತುಂಡು ತುಂಡಾಗಿ ಜೋಡಿಸುವ ನಮ್ಮ ದಾರಿ ಹಳೆಯದಾಯಿತು. ಸಾಹೇಬರ ಅಂಗಡಿಯಲ್ಲಿ ಅಷ್ಟರಲ್ಲಿ ಟೈಪ್‌ರೈಟರಿಗಿಂತ ಪ್ರಿಂಟರುಗಳೇ ಜಾಸ್ತಿ ಬರುತ್ತಿದ್ದವು. ಪ್ರಿಂಟರನ್ನೂ ಅವರು ಬಿಚ್ಚುವ ಮೊದಲು ತಲೆ ಓರೆ ಮಾಡಿ ಕೇಳುತ್ತಿದ್ದರು.

ನನಗೆ ಬಹಳ ಪ್ರಿಯವಾದ ನೆನಪು ಅದಕ್ಕೂ ಮುಂಚಿನದು. ತಿದ್ದುಪಡಿ ಸೇರಿ ವರ್ಷ ತುಂಬುತ್ತಿದ್ದ ಒಂದು ಶನಿವಾರ, ಮೈಸೂರಿನಲ್ಲಿ ನನಗೊಂದು ಇ-ಮೇಲ್ ಕಾದಿತ್ತು. ಬರೆದವರು ಹೆಸರೂ ಕೇಳಿರದ ಒಂದು ಗುಡ್ಡನಾಡಿನ ಶಾಲಾ ಮೇಷ್ಟ್ರು. ‘ನಮ್ಮ ಭಾಷೆಯಲ್ಲಿ ಅಕ್ಷರದ ಕೆಳಗೆ ಅಕ್ಷರ, ಅದರ ಕೆಳಗೆ ಇನ್ನೊಂದು ಬರುತ್ತದೆ. ಇಷ್ಟು ದಿನ ಕೆಳಗಿನವೆಲ್ಲ ಅಳಿಸಿಹೋಗುತ್ತಿದ್ದವು, ಈಗ ನಿಲ್ಲುತ್ತಿವೆ. ಯಾಕೆಂದು ಹುಡುಕಿದಾಗ ನಿಮ್ಮ ಸಾಲು ಕಂಡಿತು. ನಿಮಗೂ ಶ್ರೀರಂಗಪಟ್ಟಣದ ಮೆಕ್ಯಾನಿಕ್‌ಗಳಿಗೂ ವಂದನೆ.’ ಜೊತೆಗೆ ತಮ್ಮ ಬರಹದ ಒಂದು ಪುಟ ಕಳಿಸಿದ್ದರು.

ಅಚ್ಚು ಹಾಕಿಸಿ, ಮಡಿಸದೆ, ಕೈಯಲ್ಲೇ ಹಿಡಿದುಕೊಂಡು ಬಂದೆ. ಸಾಹೇಬರು ಕೈಗಳನ್ನು ಬಟ್ಟೆಗೆ ಒರೆಸಿ ಹಾಳೆ ತೆಗೆದುಕೊಂಡರು. ಬಾಗಿಲ ಬೆಳಕಿಗೆ ಬಂದು ನಿಂತು, ಕನ್ನಡಕವನ್ನು ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಒಂದೊಂದೇ ಸಾಲು ನೋಡಿದರು.

“ಯಾ ಅಲ್ಲಾ! ಮೂರ್ ಮೂರ್ ಅಂತಸ್ತು ಐತಲ್ಲಮ್ಮ ಇವ್ರದ್ದು!” ಎಂದರು. ಆಮೇಲೆ ಒಂದು ಅಕ್ಷರದ ಮೇಲೆ ಕಪ್ಪು ಬೆರಳಿಟ್ಟು ಕೇಳಿದರು, “ಇದ್ನ ಮಿಷಿನ್‌ನಲ್ಲಿ ಒಡಿಬೇಕು ಅಂದ್ರೆ ಡೆಡ್ ಕೀ ಎರಡು ಬೇಕು. ಕಡ್ಡಿ ಎಲ್ ಕೂರಿಸ್ತಿದ್ರೋ ಪಾಪ?”

ಹೊರಗೆ ಗಿರಾಕಿಯೊಬ್ಬ ಪ್ರಿಂಟರು ಹೊತ್ತುಕೊಂಡು ಬಂದು ನಿಂತ. ಸಾಹೇಬರು ಅವನ ಕಡೆ ನೋಡದೆ, ಕೂರಲು ಕೈಯಲ್ಲೇ ಸನ್ನೆ ಮಾಡಿ, ಮುಂದಿನ ಸಾಲಿಗೆ ಹೋದರು.